ಕೇಣಿಚಿರದ ಗೇರ್‌ಬಾಕ್ಸ್ ವೈದ್ಯ

ಕೇಣಿಚಿರದ ಆದಿರಾಜ ವಯನಾಡು ಜಿಲ್ಲೆಗಿಂತ ಒಂಬತ್ತು ದಿನ ದೊಡ್ಡವನು. ಯಾರೂ ಕೇಳದಿದ್ದರೂ ಇದನ್ನು ಅವನೇ ಹೇಳುತ್ತಾನೆ. ಸಾವಿರದ ಒಂಬೈನೂರ ಎಂಬತ್ತರ ನವೆಂಬರ್ ಒಂದನೇ ತಾರೀಕು ಜಿಲ್ಲೆ ಹುಟ್ಟಿತು. ಅದಕ್ಕೆ ಒಂಬತ್ತು ದಿನ ಮುಂಚೆ ಪದ್ಮಪ್ಪನ ಮನೆಯಲ್ಲಿ ಇವನು ಹುಟ್ಟಿದ. ಹೀಗಾಗಿ ಜಿಲ್ಲೆಯ ಬಗ್ಗೆ ಮಾತಾಡುವಾಗ ಅವನ ದನಿಯಲ್ಲಿ ದಾರಿ ತಪ್ಪಿದ ತಮ್ಮನನ್ನು ಕಂಡ ಅಣ್ಣನ ಬೇಸರವಿರುತ್ತದೆ. ರಸ್ತೆಯಲ್ಲಿ ಗುಂಡಿ ಬಿದ್ದರೆ ಈ ತಮ್ಮನಿಗೆ ಹೇಳಿ ಪ್ರಯೋಜನವಿಲ್ಲ ಎಂಬಂತೆ ತಲೆಯಾಡಿಸುತ್ತಾನೆ. ಹೊಸ ಸೇತುವೆ ಬಂದರೆ ತಾನು ಓದಿಸಿದ ಹುಡುಗ ಪಾಸಾದ ಹಾಗೆ ಮೀಸೆಯ ಮೇಲೆ ಕೈಯಾಡಿಸುತ್ತಾನೆ.

ಆ ನಂಟು ಪೂರ್ತಿ ಕಲ್ಪನೆಯೂ ಅಲ್ಲ. ಹೊಸ ಜಿಲ್ಲೆಯ ಹಿಂದೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಜೀಪುಗಳು ಬಂದವು. ಆದಿರಾಜನಿಗೆ ಹದಿನಾರು ತುಂಬುವ ಹೊತ್ತಿಗೆ ಆ ಜೀಪುಗಳಿಗೂ ಅಷ್ಟೇ ವಯಸ್ಸಾಗಿ ಒಂದೊಂದಾಗಿ ಕಾಯಿಲೆ ಬೀಳತೊಡಗಿದ್ದವು. ಅವುಗಳಿಗೆ ಮದ್ದು ಮಾಡುತ್ತಿದ್ದವರು ಪನಮರಂನ ಮಾಧವನ್ ಆಶಾನ್. ಆಶಾನ್ ಎಂದರೆ ಇಲ್ಲಿ ಗುರು. ಕಳರಿಯ ವರಸೆ ಕಲಿಸುವವನೂ ಆಶಾನ್, ಸ್ಪಾನರ್ ಹಿಡಿಯುವುದನ್ನು ಕಲಿಸುವವನೂ ಆಶಾನ್. ಆದಿರಾಜನದು ತಲೆಮಾರುಗಳ ಹಿಂದೆ ಕರ್ನಾಟಕದ ಕಡೆಯಿಂದ ಬಂದು ನೆಲೆನಿಂತ ಜೈನ ಕುಟುಂಬ, ಮನೆಯೊಳಗೆ ಕನ್ನಡ, ಗೇಟಿನಾಚೆ ಮಲಯಾಳ, ಗೇಟಿನ ಎರಡೂ ಬದಿಗೆ ಕಾಫಿ ಮತ್ತು ಮೆಣಸು. ಇಂಥ ಮನೆಯ ಹುಡುಗ ಜೀಪಿನಡಿಗೆ ಮಲಗಿ ಎಣ್ಣೆ ಮೆತ್ತಿಕೊಂಡು ಬಂದಾಗ ಅಪ್ಪ ಪದ್ಮಪ್ಪ ಬೈಯಲಿಲ್ಲ. "ಕಾಫಿ ಗಿಡಕ್ಕೂ ನಾಲ್ಕು ಗೇರು ಇದ್ದಿದ್ರೆ ಇವ ತೋಟದಲ್ಲೇ ನಿಲ್ತಿದ್ದ" ಎಂದು ಹೆಂಡತಿಯ ಹತ್ತಿರ ಹೇಳಿ ಸುಮ್ಮನಾದ.

ಹನ್ನೆರಡು ವರ್ಷ ಮಾಧವನ್ ಆಶಾನರ ಕೈಕೆಳಗೆ ದುಡಿದು, ಆಮೇಲೆ ಕೇಣಿಚಿರದ ಜಂಕ್ಷನ್ನಿನಲ್ಲಿ, ಗೋವಿಂದನ್‌ನ ಚಹಾದಂಗಡಿಯ ಪಕ್ಕ, ಆದಿರಾಜ ತನ್ನದೇ ಶೆಡ್ಡು ಹಾಕಿದ. ಜನ ಅವನನ್ನೂ ಆಶಾನ್ ಎನ್ನತೊಡಗಿದರು. ಆಗಲೇ ಕ್ಲಚ್ ಇಲ್ಲದ ಕಾರುಗಳು ಘಾಟಿ ಹತ್ತಿ ಬರತೊಡಗಿದ್ದು. ಮೊದಲ ಆಟೋಮ್ಯಾಟಿಕ್ ಕಾರು ಬಂದಾಗ ಆದಿರಾಜ ಮೂರನೇ ಪೆಡಲಿಗಾಗಿ ಮ್ಯಾಟಿನ ಅಡಿಯಲ್ಲಿ ಹುಡುಕಿದ ಎಂದು ಗೋವಿಂದನ್ ಹೇಳುತ್ತಾನೆ. ಬಿದ್ದ ಚಿಲ್ಲರೆ ಹುಡುಕುತ್ತಿದ್ದೆ ಎಂದು ಆದಿರಾಜ ಹೇಳುತ್ತಾನೆ. ಏನೇ ಇರಲಿ, ಆ ವರ್ಷದ ಮಳೆಗಾಲದಲ್ಲಿ ಅವನು ಕೋಝಿಕ್ಕೋಡಿಗೆ ಹೋಗಿ ಹನ್ನೊಂದು ದಿನದ ತರಬೇತಿ ಮುಗಿಸಿ, ಒಂದು ಪ್ರಮಾಣಪತ್ರ ಮತ್ತು ಒಂದು ಸ್ಕ್ಯಾನರ್ ಸಮೇತ ಹಿಂತಿರುಗಿದ. ಪ್ರಮಾಣಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿದ. ಬೋರ್ಡು ಬದಲಾಯಿಸಿ ಮೂರು ಭಾಷೆಯಲ್ಲಿ 'ಆದಿರಾಜ್ ಆಟೋ ಡಯಾಗ್ನೋಸ್ಟಿಕ್ಸ್' ಎಂದು ಬರೆಸಿದ. ಅಂದಿನಿಂದ ಅವನ ಬಾಯಲ್ಲಿ ರಿಪೇರಿ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. "ಕೇಸು ಯಾವುದು" ಎನ್ನುತ್ತಿದ್ದ, "ಹಿಸ್ಟರಿ ಹೇಳಿ" ಎನ್ನುತ್ತಿದ್ದ. ಒಮ್ಮೆ ಒಬ್ಬ ಅಡಿಕೆ ವ್ಯಾಪಾರಿಯ ಕಾರಿಗೆ 'ಮೂರು ದಿನ ವಿಶ್ರಾಂತಿ' ಎಂದು ಚೀಟಿಯನ್ನೂ ಬರೆದುಕೊಟ್ಟಿದ್ದ.

ಸ್ಕ್ಯಾನರ್ ಎಂದರೆ ದಪ್ಪ ಪಠ್ಯಪುಸ್ತಕದಷ್ಟು ದೊಡ್ಡ ಪೆಟ್ಟಿಗೆ, ಮುಖದ ತುಂಬ ಪರದೆ, ಬಾಲಕ್ಕೊಂದು ಕೇಬಲ್. ಕಾರಿನ ಸ್ಟಿಯರಿಂಗಿನ ಅಡಿಯಲ್ಲಿರುವ ಸಾಕೆಟ್ಟಿಗೆ ಆ ಕೇಬಲ್ ಸಿಕ್ಕಿಸಿದರೆ, ಗೇರ್‌ಬಾಕ್ಸಿನ ಕಂಪ್ಯೂಟರು ತನ್ನ ಸಂಕಟವನ್ನೆಲ್ಲ ಕೋಡುಗಳಲ್ಲಿ ಮತ್ತು ಓಡುವ ಸಂಖ್ಯೆಗಳಲ್ಲಿ ತೋಡಿಕೊಳ್ಳುತ್ತದೆ. ಇದರ ವಿಷಯದಲ್ಲಿ ಆದಿರಾಜನದು ಕಟ್ಟುನಿಟ್ಟಿನ ಮಡಿ. ಎಣ್ಣೆಗೈಯಲ್ಲಿ ಮುಟ್ಟುವ ಹಾಗಿಲ್ಲ. ಶೆಡ್ಡಿನಲ್ಲಿ ಇಡುವ ಹಾಗಿಲ್ಲ. ಶೆಡ್ಡಿನ ಹಿಂದೆಯೇ ಇರುವ ಮನೆಯ ಬೀರುವಿನಲ್ಲಿ, ಹೆಂಡತಿ ವಿಮಲಳ ಸೀರೆಗಳ ನಡುವೆ, ಹಳೆಯ ರೇಷ್ಮೆ ಪಂಚೆಯಲ್ಲಿ ಸುತ್ತಿ ಇಡುತ್ತಿದ್ದ.

"ನನ್ನ ಸೀರೆಗೆಲ್ಲ ಗ್ರೀಸ್ ವಾಸನೆ" ಎನ್ನುವಳು ವಿಮಲ.

"ಅದು ಗ್ರೀಸ್ ಅಲ್ಲ, ಟ್ರಾನ್ಸ್‌ಮಿಷನ್ ಫ್ಲೂಯಿಡ್."

"ಹಾಗಾದ್ರೆ ಮದುವೆ ಮನೇಲಿ ಕೇಳಿದೋರಿಗೆ ಹಾಗೇ ಹೇಳ್ತೀನಿ."

ಜೈನರಾದ್ದರಿಂದ ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಒಲೆ ಹಚ್ಚುವುದಿಲ್ಲ, ಅನ್ನ ಮುಟ್ಟುವುದಿಲ್ಲ. ಇದರಿಂದ ಆದಿರಾಜನ ಸಂಜೆಗೆ ಒಂದು ಕ್ರಮ ಬಂದಿತ್ತು. ಐದು ಇಪ್ಪತ್ತಕ್ಕೆ ಸ್ಪಾನರ್ ಕೆಳಗೆ. ಸ್ನಾನ. ಊಟ. ಊಟದ ನಂತರ ಅಂಗಳದಲ್ಲಿ ನೂರು ಹೆಜ್ಜೆ. ಆಮೇಲೆ ಶುಭ್ರ ಅಂಗಿ ತೊಟ್ಟು, ಶುಭ್ರ ಕೈಯಲ್ಲಿ ಸ್ಕ್ಯಾನರನ್ನು ಎದೆಗೆ ಅವುಚಿಕೊಂಡು ಶೆಡ್ಡಿಗೆ ಪ್ರವೇಶ. ಹಗಲು ಕಬ್ಬಿಣದ ಕೆಲಸ, ಸಂಜೆ ಬುದ್ಧಿಯ ಕೆಲಸ. ಗೋವಿಂದನ್ ಗಡಿಯಾರ ನೋಡುವುದನ್ನೇ ಬಿಟ್ಟಿದ್ದ. ಆಶಾನ್ ಸ್ನಾನಕ್ಕೆ ಹೋದರೆ ಪರಿಪ್ಪುವಡೆಯ, ಅಂದರೆ ಬೇಳೆವಡೆಯ, ಎರಡನೇ ಬಾಣಲೆ ಇಳಿಸುತ್ತಿದ್ದ, ಸ್ಕ್ಯಾನರ್ ಬಂದರೆ ಅಂಗಡಿಯ ದೀಪ ಹಾಕುತ್ತಿದ್ದ.

ಇಷ್ಟು ಹೇಳಿದ ಮಾತ್ರಕ್ಕೆ ಆದಿರಾಜನನ್ನು ಬರೀ ಬೋರ್ಡಿನ ವೈದ್ಯನೆಂದು ತಿಳಿಯಬಾರದು. ಸ್ಕ್ಯಾನರ್ ಇಟ್ಟುಕೊಂಡವರು ಜಿಲ್ಲೆಯಲ್ಲಿ ಬೇರೆಯೂ ಇದ್ದರು. ಅವರಲ್ಲಿ ಅನೇಕರು ಪರದೆಯ ಮೇಲೆ ಯಾವ ಭಾಗದ ಹೆಸರು ಬರುತ್ತದೋ ಆ ಭಾಗ ಕಿತ್ತು ಹೊಸತು ಹಾಕುತ್ತಿದ್ದರು. ಆದಿರಾಜ ಹಾಗೆ ಎರಡು ಸಲ ಮಾಡಿ, ಎರಡು ಸಲವೂ ಮರ್ಯಾದೆ ಕಳೆದುಕೊಂಡು, ಕೋಡ್ ಎಂಬುದು ಅರ್ಜಿಯೇ ಹೊರತು ತೀರ್ಪಲ್ಲ ಎಂದು ಕಲಿತಿದ್ದ. ಅರ್ಜಿ ಬಂದರೆ ಸ್ಥಳಕ್ಕೆ ಹೋಗಿ ನೋಡಬೇಕು. ಈ ಮಾತನ್ನು ಅವನು ಗೋವಿಂದನ್‌ಗೆ ವಾರಕ್ಕೆರಡು ಸಲ ಹೇಳುತ್ತಿದ್ದ, ಪಾಪ, ಗೋವಿಂದನ್ ಬಳಿ ಸೈಕಲ್ಲೂ ಇರಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಫೆಬ್ರವರಿಯ ಒಂದು ಬುಧವಾರ ಶ್ಯಾಮಳಳ ಬಿಳಿ ಕಾರು ಶೆಡ್ಡಿನ ಮುಂದೆ ನಿಂತಿತು. ಶ್ಯಾಮಳ ನರ್ಸು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯ ತೊಳೆದು, ಟ್ಯೂಬು ಬದಲಾಯಿಸಿ, ನೋವಿಗೆ ಮದ್ದು ಕೊಟ್ಟು ಬರುವುದು ಅವಳ ಕೆಲಸ. ನೂಲ್ಪುಳದ ಕಾಡಂಚಿನಲ್ಲಿ ಅಂಥ ಹದಿನಾಲ್ಕು ಮನೆಗಳು ಅವಳವು. ಚಿಕ್ಕಂದಿನ ಪೋಲಿಯೋದಿಂದ ಎಡಗಾಲಿಗೆ ಬಲವಿಲ್ಲ, ಕ್ಲಚ್ ಒತ್ತಲಾಗದು. ಹಳೆಯದೇ ಆದರೂ ಈ ಆಟೋಮ್ಯಾಟಿಕ್ ಕಾರು ಬಂದ ಮೇಲೆ ಅವಳು ಯಾರ ಸ್ಕೂಟರಿನ ಹಿಂದೆಯೂ ಕೂತಿರಲಿಲ್ಲ, ಯಾರ ಪುರುಸೊತ್ತಿಗೂ ಕಾದಿರಲಿಲ್ಲ.

ಜೊತೆಗೆ ಅವಳ ಅಣ್ಣ ದಿವಾಕರನ್ ಇಳಿದ. ಬಾಳೆಕಾಯಿ ವ್ಯಾಪಾರಿ, ಮಾತಿನಲ್ಲೂ ತೂಕದವನು.

"ಕೇಸು ಹೇಳಿ" ಎಂದ ಆದಿರಾಜ.

"ಕೇಸೆಂತ ಕೇಸು. ಬಿಸಿಲಲ್ಲಿ ಸುತ್ತಿ ಸುತ್ತಿ ಏರು ಹತ್ತೋವಾಗ ಒಮ್ಮೆಲೆ ಜಗ್ಗುತ್ತೆ, ಆಮೇಲೆ ಮೂರನೇ ಗೇರಲ್ಲೇ ಕೂತ್ಕೊಳ್ಳುತ್ತೆ. ಮೇಲೂ ಹೋಗಲ್ಲ, ಕೆಳಗೂ ಬರಲ್ಲ" ಎಂದಳು ಶ್ಯಾಮಳ. "ಆಫ್ ಮಾಡಿ ಸ್ವಲ್ಪ ಬಿಟ್ಟು ಹಾಕಿದ್ರೆ ಸರಿ. ನಾನೊಬ್ಬಳು ಕುಂಟೋದು ಸಾಲದು ಅಂತ ಅದಕ್ಕೂ ಬಂದಿದೆ."

"ಹೋದ ವಾರ ಕಾಡಿನ ದಾರೀಲಿ ಆಯ್ತು ಹೀಗೆ" ಎಂದ ದಿವಾಕರನ್. "ಮುಂದೆ ಆನೆ. ಹಿಂದೆ ಬರೋಣ ಅಂದ್ರೆ ವಂಡಿ ಜಗ್ಗುತ್ತೆ. ಇವಳು ಮನೆಗೆ ಬಂದು ಆನೆ ಮರಿ ಚೆನ್ನಾಗಿತ್ತು ಅಂತ ಹೇಳ್ತಾಳೆ. ನಂಗೆ ಮೂರು ದಿನ ಊಟ ಸೇರಲಿಲ್ಲ. ಚುರಂ ಇಳಿದು ಘಾಟಿ ಕೆಳಗಿನ ದೊಡ್ಡ ಸರ್ವಿಸ್ ಸ್ಟೇಷನಲ್ಲಿ ತೋರಿಸಿದ್ವಿ. ಅವರು ಕೋಡ್ ನೋಡಿ, ಒಳಗೆ ಕ್ಲಚ್ ಪ್ಲೇಟು ಜಾರ್ತಾ ಉಂಟು, ಇಡೀ ಗೇರ್‌ಬಾಕ್ಸ್ ಬದಲಿಸ್ಬೇಕು ಅಂದ್ರು. ಅದು ನಮ್ಮ ಕೈಲಾಗೋ ಮಾತಲ್ಲ. ಭಾನುವಾರ ಹತ್ತಕ್ಕೆ ಬತ್ತೇರಿಯಿಂದ ಮೋಹನನ್ ಬರ್ತಾನೆ, ಹಳೇ ವಂಡಿ ತಗೊಳ್ಳೋನು. ಕೊಟ್ಟು ಕೈ ತೊಳ್ಕೊಳ್ಳೋದು."

"ವಂಡಿ ನಂದು, ಕೈ ತೊಳ್ಕೊಳ್ಳೋದು ಚೇಟ್ಟ" ಎಂದು ಶ್ಯಾಮಳ ಅಣ್ಣನನ್ನು ಚುಚ್ಚಿದಳು. ಮತ್ತೆ ಆದಿರಾಜನ ಕಡೆ ತಿರುಗಿ, ದನಿ ತಗ್ಗಿಸಿ, "ನಾನೂ ಮಾತು ಕೊಟ್ಟಿದ್ದೀನಿ ಆಶಾನೇ. ಭಾನುವಾರದೊಳಗೆ ಸರಿ ಹೋಗದಿದ್ರೆ ಮಾರ್ತೀನಿ ಅಂತ. ಆಮೇಲೆ ಯಾರಾದ್ರೂ ಕರ್ಕೊಂಡು ಹೋದ ದಿನ ಹೋಗೋದು. ವಾರಕ್ಕೊಮ್ಮೆ ನೋಡೋರನ್ನ ತಿಂಗಳಿಗೊಮ್ಮೆ ನೋಡೋದು. ಅವರಲ್ಲಿ ಕೆಲವರಿಗೆ ತಿಂಗಳು ಅಂದ್ರೆ ಬಹಳ ಉದ್ದ."

ಆದಿರಾಜ ಕೈ ಎತ್ತಿ ಅವಳನ್ನು ತಡೆದ. "ದಿನಾ ಕೆಲಸ ಮುಗಿಸಿ ಸಂಜೆ ಇಲ್ಲಿ ತಂದು ಬಿಡು. ಶನಿವಾರದೊಳಗೆ ಡಯಾಗ್ನೋಸಿಸ್ ಆಗುತ್ತೆ" ಎಂದ. ಡಯಾಗ್ನೋಸಿಸ್ ಎನ್ನುವಾಗ ಕಣ್ಣು ಅರ್ಧ ಮುಚ್ಚಿದ. ಗೋವಿಂದನ್ ಅಂಗಡಿಯೊಳಗಿಂದ ಕೆಮ್ಮಿದ.

ಬುಧವಾರ ಐದೂ ಕಾಲಿಗೆ ಕಾರನ್ನು ಶೆಡ್ಡಿನೊಳಗೆ ತೆಗೆದುಕೊಂಡ. ಸ್ನಾನ, ಊಟ, ನೂರು ಹೆಜ್ಜೆ. ಏಳು ಗಂಟೆ ಹತ್ತಿರವಾಗುವಾಗ ಸ್ಕ್ಯಾನರ್ ಸಿಕ್ಕಿಸಿದ. ಹಳೆಯ ಕೋಡು ಕೂತಿತ್ತು: ಮೂರನೇ ಗೇರಿನ ಅನುಪಾತ ತಪ್ಪು. ಅಂದರೆ ಗೇರ್‌ಬಾಕ್ಸಿನ ಒಳಹೋಗುವ ವೇಗಕ್ಕೂ ಹೊರಬರುವ ವೇಗಕ್ಕೂ ಲೆಕ್ಕ ತಾಳೆಯಾಗುತ್ತಿಲ್ಲ ಎಂದು ಕಂಪ್ಯೂಟರಿನ ದೂರು. ಕೋಡ್ ಅಳಿಸಿ, ಸಂಖ್ಯೆಗಳನ್ನು ದಾಖಲು ಮಾಡುತ್ತ ಜಂಕ್ಷನ್ನಿಂದ ಶಾಲೆಯವರೆಗೆ ಹೋಗಿ ಬಂದ. ಒಂದು, ಎರಡು, ಮೂರು, ನಾಲ್ಕು, ಬೆಣ್ಣೆಯಂತೆ. ದೂರು ಕೊಟ್ಟವನೇ ಸಾಕ್ಷಿ ಹೇಳುತ್ತಿಲ್ಲ. ಗುರುವಾರವೂ ಅಷ್ಟೆ. ಹಗಲು ನೂಲ್ಪುಳದ ಏರಿನಲ್ಲಿ ಕಾರು ಎರಡು ಸಲ ಜಗ್ಗಿತ್ತೆಂದು ಶ್ಯಾಮಳ ಹೇಳಿದಳು, ಸಂಜೆ ಆದಿರಾಜನ ಕೈಯಲ್ಲಿ ಅದು ದೇವರಂಥ ಕಾರು.

ಶುಕ್ರವಾರ ಶ್ಯಾಮಳ ಮನೆಗೆ ಹೋಗಲಿಲ್ಲ. ಗೋವಿಂದನ್‌ನ ಬೆಂಚಿನ ಮೇಲೆ ಕೂತು ಆಶಾನ್ ಸ್ನಾನಕ್ಕೆ ಹೋದದ್ದು, ಊಟಕ್ಕೆ ಕೂತದ್ದು, ಅಂಗಳದಲ್ಲಿ ಹೆಜ್ಜೆ ಹಾಕಿದ್ದು, ಶುಭ್ರ ಅಂಗಿಯಲ್ಲಿ ಸ್ಕ್ಯಾನರ್ ಹೊತ್ತು ಬಂದದ್ದು, ಎಲ್ಲ ನೋಡಿದಳು. ಅವನು ಮೂರನೇ ಸಲ ಶಾಲೆಯವರೆಗೆ ಹೋಗಿ ಬಂದು "ಕಾಯಿಲೆಯೇ ಇಲ್ಲ" ಎಂದಾಗ ಎದ್ದಳು.

"ಆಶಾನೇ, ಒಂದು ಹೇಳಲಾ? ನಾನು ಇಪ್ಪತ್ತು ವರ್ಷದಿಂದ ರೋಗಿಗಳನ್ನ ನೋಡ್ತಾ ಇದ್ದೀನಿ. ಜ್ವರ ಇರೋವಾಗ ಉಂಡು ಬರ್ತೀನಿ ಅಂತ ಹೋಗಿ, ಜ್ವರ ಬಿಟ್ಟ ಮೇಲೆ ಬಂದು ಥರ್ಮಾಮೀಟರ್ ಇಡೋ ಡಾಕ್ಟರು ನೀವು."

ಗೋವಿಂದನ್ ಈ ಸಲ ಕೆಮ್ಮಲಿಲ್ಲ, ನಕ್ಕೇಬಿಟ್ಟ.

ಆದಿರಾಜನಿಗೆ ಕಿವಿಯವರೆಗೆ ಬಿಸಿಯಾಯಿತು. ಮನೆಗೆ ಬಂದು ವಿಮಲಳಿಗೆ ಹೇಳಿದ, "ಹನ್ನೊಂದು ದಿನ ತರಬೇತಿ ಆದವನಿಗೆ ಒಬ್ಬ ನರ್ಸು ಪಾಠ ಹೇಳ್ತಾಳೆ."

"ಏನಂದಳು?"

ಹೇಳಿದ.

ವಿಮಲ ಮೊಸರಿನ ಪಾತ್ರೆ ಮುಚ್ಚುತ್ತ, "ಅವಳು ಇಪ್ಪತ್ತು ವರ್ಷ, ನೀವು ಹನ್ನೊಂದು ದಿನ" ಎಂದಳು. "ನಾನು ಇದರಲ್ಲಿ ಮಾತಾಡೋದಿಲ್ಲ."

ಸಿಟ್ಟಿನಲ್ಲಿ, ಆ ನರ್ಸಿನ ಮಾತು ತಪ್ಪೆಂದು ತೋರಿಸುವುದಕ್ಕಾಗಿಯೇ, ಆದಿರಾಜ ಮೂರು ಸಂಜೆಯ ದಾಖಲೆಗಳನ್ನು ತೆರೆದು ನೋಡಿದ. ಎಂಜಿನ್ ವೇಗ, ಒಳವೇಗ, ಹೊರವೇಗ, ಯಾವ ಗೇರು, ಎಲ್ಲವನ್ನೂ ಅವನು ಮೊದಲೇ ನೋಡಿದ್ದ. ಅವುಗಳ ಕೆಳಗೆ ಇನ್ನೊಂದು ಸಾಲಿತ್ತು, ಎಣ್ಣೆಯ ಉಷ್ಣತೆ. ಬುಧವಾರ ಐವತ್ತೆಂಟು. ಗುರುವಾರ ಅರವತ್ತೊಂದು. ಇಂದು ಐವತ್ತೈದು. ಏರು ಹತ್ತಿ ಬಂದ ಗೇರ್‌ಬಾಕ್ಸಿನ ಎಣ್ಣೆ ನೂರರ ಆಸುಪಾಸಿನಲ್ಲಿರುತ್ತದೆ ಎಂದು ತರಬೇತಿಯ ಎರಡನೇ ದಿನವೇ ಹೇಳಿಕೊಟ್ಟಿದ್ದರು. ಸ್ಥಳಕ್ಕೆ ಹೋಗಿ ನೋಡಬೇಕು ಎಂದು ಊರಿಗೆಲ್ಲ ಸಾರುವವನು, ಅಪರಾಧಿ ಮನೆಗೆ ಹೋಗಿ ಮಲಗಿದ ಮೇಲೆ ಸ್ಥಳಕ್ಕೆ ಹೋಗುತ್ತಿದ್ದ. ಅಷ್ಟು ದಿನ ಅವನ ಮಡಿ, ಅವನ ಸ್ನಾನ, ಅವನ ನೂರು ಹೆಜ್ಜೆ ಸೇರಿ ಗೇರ್‌ಬಾಕ್ಸನ್ನು ತಣ್ಣಗೆ ಮಾಡಿಕೊಟ್ಟಿದ್ದವು.

ಅವನು ಸ್ಕ್ಯಾನರನ್ನು ಪಂಚೆಯಲ್ಲಿ ಸುತ್ತದೆ ಮೇಜಿನ ಮೇಲೆಯೇ ಬಿಟ್ಟು ಮಲಗಲು ಹೋದ. ವಿಮಲಳಿಗೆ ಹೆದರಿಕೆಯೇ ಆಯಿತು.

ಶನಿವಾರ ಬೆಳಿಗ್ಗೆ ಶ್ಯಾಮಳಳಿಗೆ ಫೋನು ಮಾಡಿದ. "ಸಂಜೆ ಬರೋವಾಗ ಎಲ್ಲೂ ನಿಲ್ಲಿಸ್ಬೇಡ. ಎಂಜಿನ್ ಆಫ್ ಮಾಡ್ಬೇಡ. ನಾನು ರಸ್ತೇಲೇ ಇರ್ತೀನಿ."

"ಊಟ?"

"ನೀನು ಬೇಗ ಬಂದ್ರೆ ಅದೂ ಆಗುತ್ತೆ."

ಬೇಗ ಬರಲಿಲ್ಲ. ನೂಲ್ಪುಳದಲ್ಲಿ ಒಬ್ಬ ಮುದುಕನ ಬೆನ್ನಿನ ಹುಣ್ಣು ತೊಳೆಯುವುದರಲ್ಲಿ ಅವಳಿಗೆ ಹೊತ್ತಾಯಿತು. ಐದು ಇಪ್ಪತ್ತಕ್ಕೆ ಆದಿರಾಜ ಎಣ್ಣೆಗೈಯಲ್ಲೇ ಸ್ಕ್ಯಾನರ್ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದ. ಗೋವಿಂದನ್ ಎರಡು ಸಲ ಹೊರಗೆ ಬಂದು ನೋಡಿ, "ಸ್ನಾನ ಇಲ್ವಾ ಆಶಾನೇ? ನನ್ನ ವಡೆ ಕಥೆ ಏನು?" ಎಂದು ಕೇಳಿದ. ಐದು ಐವತ್ತಕ್ಕೆ ಬಿಳಿ ಕಾರು ಬಂತು. ಆದಿರಾಜ ಮುಂದಿನ ಸೀಟಿಗೆ ಹತ್ತಿ, ಕಪ್ಪು ಬೆರಳುಗಳಿಂದಲೇ ಕೇಬಲ್ ಸಿಕ್ಕಿಸಿದ. ಉಷ್ಣತೆ ತೊಂಬತ್ತೇಳು.

"ಬೀನಾಚಿ ರಸ್ತೆಗೆ ತಿರುಗಿಸು. ಏರಿಗೆ ಹೋಗು. ನೀನು ದಿನಾ ಹೇಗೆ ಓಡಿಸ್ತೀಯೋ ಹಾಗೇ."

ಮೊದಲ ಸಲ ಏರು ಹತ್ತಿದರು. ಏನೂ ಆಗಲಿಲ್ಲ. ತಿರುಗಿಸಿ ಇಳಿದು ಮತ್ತೆ ಹತ್ತಿದರು. ಏನೂ ಇಲ್ಲ. ಬಿಸಿಲು ಕಾಫಿ ತೋಟದ ನೆರಳುಮರಗಳ ತುದಿಗೆ ಹೋಗಿತ್ತು. ವಿಮಲಳ ಫೋನು ಬಂತು.

"ಆರೂ ಹತ್ತು. ಇನ್ನು ಇಪ್ಪತ್ತು ನಿಮಿಷ ಉಂಟು. ಬಡಿಸಲಾ?"

ಆದಿರಾಜ ಪಡುವಣದ ಕಡೆ ನೋಡಿದ. ಈಗ ಹೊರಟರೆ ಸೂರ್ಯ ಇರುವಾಗಲೇ ಎಲೆಯ ಮುಂದೆ ಕೂರಬಹುದು. ಆಮೇಲೆ ಬಂದರೆ ಕಾರು ತಣ್ಣಗಾಗಿರುತ್ತದೆ, ನಾಳೆ ಹತ್ತಕ್ಕೆ ಮೋಹನನ್ ಬರುತ್ತಾನೆ. ನಲವತ್ತರ ಹತ್ತಿರ ಬಂದ ಈ ಆಯುಷ್ಯದಲ್ಲಿ ಜ್ವರ ಬಂದಾಗ ಬಿಟ್ಟರೆ ಸಂಜೆಯ ಊಟ ತಪ್ಪಿದ್ದು ಅವನಿಗೆ ನೆನಪಿರಲಿಲ್ಲ.

"ನೀನು ಉಂಡುಬಿಡು" ಎಂದ.

"ಸರಿ. ನಿಮ್ಮ ಗೇರ್‌ಬಾಕ್ಸಿಗೆ ನಾನ್ಯಾಕೆ ಉಪವಾಸ ಇರ್ಲಿ" ಎಂದು ವಿಮಲ ಫೋನಿಟ್ಟಳು.

ಶ್ಯಾಮಳ ಓರೆಗಣ್ಣಿನಲ್ಲಿ ಅವನನ್ನು ನೋಡುತ್ತ, "ಆಶಾನೇ, ನೀವು ಹೋಗಿ ಉಂಡು ಬನ್ನಿ. ನನ್ನಿಂದ ನಿಮ್ಮ ನೇಮ ತಪ್ಪೋದು ಬೇಡ" ಎಂದಳು.

"ನೇಮ ತಪ್ಪಲ್ಲ. ಕತ್ತಲಾದ ಮೇಲೆ ಉಂಡ್ರೆ ತಪ್ಪು. ಉಣ್ಣದಿದ್ರೆ ಏನೂ ಇಲ್ಲ. ನೀನು ಏರು ಹತ್ತಿಸು."

ಮೂರನೇ ಸಲ. ಉಷ್ಣತೆ ನೂರ ಮೂರು. ತಿರುವು ದಾಟಿ ಏರು ಕಡಿದಾಗುವಲ್ಲಿ, ಯಾರೋ ಹಿಂದಿನಿಂದ ಕಾಲರ್ ಹಿಡಿದೆಳೆದ ಹಾಗೆ ಕಾರು ಜಗ್ಗಿತು. ಮತ್ತೆ ಮೂರನೇ ಗೇರಿನಲ್ಲಿ ಹಟ ಹಿಡಿದು ಕೂತಿತು. ಆದಿರಾಜ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಬದಿಗೆ ನಿಲ್ಲಿಸು. ಆಫ್ ಮಾಡ್ಬೇಡ" ಎಂದ. ಆಮೇಲೆ ದಾಖಲೆಯನ್ನು ನಿಧಾನವಾಗಿ ಹಿಂದಕ್ಕೆ ಸರಿಸಿ ಅವಳಿಗೆ ತೋರಿಸಿದ. "ಇದು ಎಂಜಿನ್ ವೇಗ, ಎರಡು ಸಾವಿರದ ನೂರು. ಇದು ಗೇರ್‌ಬಾಕ್ಸಿಗೆ ಒಳಹೋಗೋ ವೇಗ, ಎರಡು ಸಾವಿರ. ಈಗ ನೋಡು. ಒಂದು ಕ್ಷಣ ಸೊನ್ನೆ. ಮತ್ತೆ ಎರಡು ಸಾವಿರ."

"ಅಂದ್ರೆ?"

"ಒಳಗೆ ಪ್ಲೇಟು ಜಾರಿದ್ರೆ ಹಿಡಿತ ಬಿಟ್ಟು ಇದು ಮೇಲಕ್ಕೆ ಹಾರ್ಬೇಕಿತ್ತು. ಇಲ್ಲಿ ಬಿದ್ದಿದೆ. ಅಷ್ಟು ಭಾರದ ಕಬ್ಬಿಣ ಕಣ್ಣು ಮಿಟುಕಿಸೋದರೊಳಗೆ ನಿಂತು ಮತ್ತೆ ತಿರುಗೋಕೆ ಸಾಧ್ಯಾನಾ? ಅದು ನಿಂತೇ ಇಲ್ಲ. ನಿಂತಿದೆ ಅಂತ ಕಂಪ್ಯೂಟರಿಗೆ ಯಾರೋ ಸುಳ್ಳು ಹೇಳ್ತಿದ್ದಾರೆ. ಅದು ಹೆದರಿ ಮೂರನೇ ಗೇರಿಗೆ ಓಡಿ ಹೋಗುತ್ತೆ. ನಿನ್ನ ಗೇರ್‌ಬಾಕ್ಸ್ ಹೋಗಿಲ್ಲ ಶ್ಯಾಮಳ. ಸುದ್ದಿ ತರೋ ತಂತಿ ಹೋಗಿದೆ."

ಕಾರನ್ನು ಪಾರ್ಕಿನಲ್ಲಿ ಹಾಕಿಸಿ, ಎಂಜಿನ್ ಓಡುತ್ತಿದ್ದಂತೆಯೇ ಬಾನೆಟ್ ಎತ್ತಿದ. ಸ್ಕ್ಯಾನರನ್ನು ಅವಳ ಮಡಿಲಲ್ಲಿಟ್ಟು, "ಒಳವೇಗ ಓದ್ತಾ ಇರು" ಎಂದ. ಬೇಲಿಯಿಂದ ಒಂದು ಒಣ ಕಡ್ಡಿ ಮುರಿದು, ಬ್ಯಾಟರಿ ಪಕ್ಕದ ಸಂದಿನಲ್ಲಿ ಇಳಿಸಿ, ಗೇರ್‌ಬಾಕ್ಸಿಗೆ ಹೋಗುವ ತಂತಿಗಳ ಕಟ್ಟನ್ನು ಗೇಣು ಗೇಣಾಗಿ ಅಲ್ಲಾಡಿಸತೊಡಗಿದ.

"ಏಳುನೂರ ಐವತ್ತು" ಎಂದಳು ಶ್ಯಾಮಳ. "ಏಳುನೂರ ಐವತ್ತು. ಏಳುನೂರ ನಲವತ್ತು. ಏಳುನೂರ ಐವತ್ತು. ಸೊನ್ನೆ."

"ಮತ್ತೆ?"

"ಏಳುನೂರ ಐವತ್ತು. ಸೊನ್ನೆ. ಸೊನ್ನೆ. ಏಳುನೂರ ಐವತ್ತು."

ಅಲ್ಲೇ ಇತ್ತು. ತಂತಿಯ ಕಟ್ಟನ್ನು ಎತ್ತಿ ಹಿಡಿಯಬೇಕಾದ ಬೆರಳಗಲದ ಪ್ಲಾಸ್ಟಿಕ್ ಕ್ಲಿಪ್ಪು ಮುರಿದು, ಕಟ್ಟು ಜೋತು, ಕೆಳಗಿನ ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಒಂದು ತಂತಿಯ ಮೈ ಸವೆದಿತ್ತು. ತಣ್ಣಗಿದ್ದಾಗ ತಂತಿ ಸೆಟೆದುಕೊಂಡು ಪಟ್ಟಿಯಿಂದ ದೂರ ನಿಲ್ಲುತ್ತಿತ್ತು; ಬಿಸಿಯಾದಾಗ ಮೆತ್ತಗಾಗಿ, ಏರಿನಲ್ಲಿ ಎಂಜಿನ್ ಹಿಂದಕ್ಕೆ ವಾಲಿದಾಗ, ತಾಮ್ರ ಪಟ್ಟಿಗೆ ತಾಗುತ್ತಿತ್ತು. ಟಾರ್ಚು ಹಾಕಿ ಶ್ಯಾಮಳಳಿಗೂ ತೋರಿಸಿದ. ಅಕ್ಕಿಕಾಳಿನಷ್ಟು ತಾಮ್ರ ಮಿಂಚುತ್ತಿತ್ತು. ಅವರು ತಲೆಯೆತ್ತಿ ನೋಡಿದಾಗ ಸೂರ್ಯ ಇರಲಿಲ್ಲ.

ಶೆಡ್ಡಿಗೆ ಬಂದು ಸವೆದ ಭಾಗ ಕತ್ತರಿಸಿ, ಹೊಸ ತುಂಡು ಬೆಸೆದು, ಮೇಲೆ ಕೊಳವೆ ಏರಿಸಿ, ಹೊಸ ಕ್ಲಿಪ್ಪು ಹಾಕುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಗೋವಿಂದನ್‌ನ ಅಂಗಡಿ ಆ ದಿನ ಕತ್ತಲಲ್ಲೇ ಇತ್ತು. ಸ್ಕ್ಯಾನರಿನ ಮೆರವಣಿಗೆ ಬಾರದ್ದರಿಂದ ದೀಪ ಹಾಕುವುದು ಅವನಿಗೆ ನೆನಪೇ ಆಗಿರಲಿಲ್ಲ. ಶ್ಯಾಮಳ ಇನ್ನೇನು ಹೊರಡಬೇಕು, ಆಗ ದಿವಾಕರನ್ ಬಂದ. ಕೇಳಿದ. ತಂತಿಯ ತುಂಡನ್ನು ಅಂಗೈಯಲ್ಲಿಟ್ಟು ನೋಡಿದ.

"ಇಷ್ಟುದ್ದದ ತಂತಿಗೆ ಅವರು ಇಡೀ ಗೇರ್‌ಬಾಕ್ಸ್ ಕೇಳಿದ್ದಾ? ನಂಬೋದು ಕಷ್ಟ ಆಶಾನೇ. ನಿಮಗೆ ಬೇಜಾರಾಗ್ಬಾರದು. ನಿಮ್ಮ ಕೈಯಲ್ಲಿ ಮೂರು ದಿನ ಸರಿಯಾಗೇ ಓಡಿತ್ತು. ಈಗ ಮತ್ತೆ ಸರಿಯಾಗಿ ಓಡ್ತಾ ಉಂಟು ಅಂದ್ರೆ ನಾನು ಎಂತ ತಿಳ್ಕೊಳ್ಳೋದು? ನಾಳೆ ಕಾಡಲ್ಲಿ ಆನೆ ಮುಂದೆ ನಿಂತ್ರೆ?"

ಬೇರೆ ದಿನವಾಗಿದ್ದರೆ ಆದಿರಾಜ ಪ್ರಮಾಣಪತ್ರದ ಕಡೆ ಬೆರಳು ತೋರಿಸುತ್ತಿದ್ದ. ಆ ಹೊತ್ತು ಹಸಿವಾಗಿತ್ತೋ, ದಿವಾಕರನ್ ಹೇಳಿದ್ದರಲ್ಲಿ ನ್ಯಾಯವಿತ್ತೋ, "ನಾಳೆ ಮೋಹನನ್ ಬರ್ಲಿ" ಎಂದಷ್ಟೇ ಹೇಳಿದ. "ಹಗಲಲ್ಲಿ, ಕಾರು ಕಾಯಿಸಿ, ಎಲ್ಲರೂ ಕೂತು ಏರು ಹತ್ತೋಣ. ಜಗ್ಗಿದ್ರೆ ಅಲ್ಲೇ ಮಾರಿಬಿಡಿ. ನನ್ನ ಬೋರ್ಡು ನಾನೇ ಇಳಿಸ್ತೀನಿ."

ಆ ಮಾತು ಬಾಯಿಂದ ಹೊರಟ ಮೇಲೆ ಅವನಿಗೇ ಗಾಬರಿಯಾಯಿತು. ಮನೆಗೆ ಹೋಗಿ ಖಾಲಿ ಹೊಟ್ಟೆಯಲ್ಲಿ ಮಲಗಿದ.

ಭಾನುವಾರ ಹತ್ತಕ್ಕೆ ಮೋಹನನ್ ಬಂದ. ಕಂಕುಳಲ್ಲಿ ಬ್ಯಾಗು, ಬಾಯಲ್ಲಿ ಕಡ್ಡಿ. ಕಾರಿನ ಸುತ್ತ ಒಂದು ಸುತ್ತು ಬಂದು, ಸತ್ತವರ ಮನೆಗೆ ಬಂದವನ ಮುಖ ಮಾಡಿಕೊಂಡ. ಅವನನ್ನೂ ದಿವಾಕರನ್‌ನನ್ನೂ ಹಿಂದೆ ಕೂರಿಸಿ, ಅವರ ನಡುವೆ ಭಾರಕ್ಕೆಂದು ಗೋವಿಂದನ್‌ನ ಅಂಗಡಿಯಿಂದ ಒಂದು ಮೂಟೆ ಸಕ್ಕರೆ ಇಟ್ಟು, ಆದಿರಾಜ ಮುಂದೆ ಕೂತ. ಬೆಳಿಗ್ಗೆ ಎರಡು ಹೊತ್ತಿನದನ್ನು ಒಟ್ಟಿಗೆ ಉಂಡಿದ್ದರಿಂದ ಅವನೂ ಒಂದು ಮೂಟೆಯೇ ಆಗಿದ್ದ. ಶ್ಯಾಮಳ ಓಡಿಸಿದಳು. ಅರ್ಧ ಗಂಟೆ ಸುತ್ತಿದ ಮೇಲೆ ಉಷ್ಣತೆ ತೊಂಬತ್ತು ದಾಟಿತು, ಏರಿಗೆ ತಿರುಗಿದರು.

ಒಂದು ಸಲ. ಎರಡು ಸಲ. ಮೂರು ಸಲ. ಆದಿರಾಜ ಪ್ರತಿ ಸಲವೂ ಉಷ್ಣತೆಯನ್ನು ಗಟ್ಟಿಯಾಗಿ ಓದುತ್ತಿದ್ದ. ನಾಲ್ಕನೇ ಸಲ ಅದೇ ತಿರುವು. ನೂರ ಐದು. ಕಾರು ಮೂರರಿಂದ ಎರಡಕ್ಕಿಳಿದು, ದಮ್ಮು ಕಟ್ಟಿ ಏರು ಹತ್ತಿ, ತುದಿಯಲ್ಲಿ ಮತ್ತೆ ಮೂರಕ್ಕೆ, ನಾಲ್ಕಕ್ಕೆ ಹೋಯಿತೋ, ಹೋಗಲಿಲ್ಲವೋ ಎಂದು ತಿಳಿಯದಷ್ಟು ನಯವಾಗಿ ಹೋಯಿತು. ಪರದೆಯ ಮೇಲಿನ ಒಳವೇಗದ ಗೆರೆ ಎಲ್ಲೂ ಕಡಿಯಲಿಲ್ಲ. ಕೋಡಿನ ಪುಟ ತೆರೆದರೆ ಖಾಲಿ.

ಏರಿನ ತುದಿಯ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ ಎಲ್ಲರೂ ಇಳಿದರು. ಮೋಹನನ್ ಬಾಯಿಂದ ಕಡ್ಡಿ ತೆಗೆದ. "ದಿವಾಕರೇಟ್ಟ, ಒಂದು ಮಾತು. ಗೇರ್‌ಬಾಕ್ಸ್ ಹೋದ ವಂಡಿ ಅಂದಿದ್ರಿ, ಅದು ಬೇರೆ. ಇದನ್ನ ನಾನು ಒಳ್ಳೆ ವಂಡಿ ಅಂತಲೇ ತಗೊಳ್ತೀನಿ. ನೀವು ಹೇಳಿದ ರೇಟಿಗೆ ಹೂಂ."

ದಿವಾಕರನ್ ತಂಗಿಯ ಮುಖ ನೋಡಿದ. ಅಷ್ಟರಲ್ಲಿ ಅವಳ ಫೋನು ಬಡಿಯಿತು. ನೂಲ್ಪುಳದ ಒಂದು ಮನೆಯಿಂದ. ಅಜ್ಜಿಯೊಬ್ಬರು ಟ್ಯೂಬು ಕಟ್ಟಿಹೋಗಿ ಬೆಳಗಿನಿಂದ ನೋವಿನಲ್ಲಿದ್ದಾರೆ. ಶ್ಯಾಮಳ ಎರಡು ಪ್ರಶ್ನೆ ಕೇಳಿದಳು, "ನಲವತ್ತು ನಿಮಿಷ" ಎಂದಳು, ಕಾರಿಗೆ ಹತ್ತಿದಳು.

"ಚೇಟ್ಟ, ಇಲ್ಲಿಂದ ಬಸ್ಸು ಉಂಟಲ್ಲ? ಮೂರು ಜನಾನೂ ಅದರಲ್ಲಿ ಬನ್ನಿ. ಸಕ್ಕರೆ ಮೂಟೆ ಇಳಿಸ್ಕೊಳ್ಳಿ."

"ಎಡೀ, ಇವನು ವಂಡಿ ಕೇಳ್ತಾ ಇದ್ದಾನೆ" ಎಂದು ತಂಗಿಯನ್ನು ತಡೆದ ದಿವಾಕರನ್.

"ಕೇಳೋಕೆ ತಪ್ಪಿಲ್ಲ" ಎಂದಳು ಶ್ಯಾಮಳ. ಕಿಟಕಿಯಿಂದ ಆದಿರಾಜನ ಕಡೆ ನೋಡಿ, ಅವನ ಎಣ್ಣೆಕಲೆ ಹೋಗದ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

ಹೀಗೆ ಬೀನಾಚಿ ರಸ್ತೆಯ ಏರಿನ ತುದಿಯಲ್ಲಿ ಮೂವರು ಗಂಡಸರು ಮತ್ತು ಒಂದು ಮೂಟೆ ಸಕ್ಕರೆ ಬಸ್ಸಿಗಾಗಿ ನಿಂತರು. ಮೋಹನನ್ ಏನೋ ಹೇಳಹೊರಟ. ಆದಿರಾಜ ಸ್ಕ್ಯಾನರನ್ನು ಕಂಕುಳಲ್ಲಿಟ್ಟುಕೊಂಡು, ಬೆರಳೆತ್ತಿ ಅವನನ್ನು ಸುಮ್ಮನಾಗಿಸಿದ. ಬಿಳಿ ಕಾರು ತಿರುವಿನಲ್ಲಿ ಮರೆಯಾಗಿತ್ತು, ಗೇರು ಬದಲಾಗುವ ಸದ್ದು ಮಾತ್ರ ಕೇಳುತ್ತಿತ್ತು.

"ಎರಡು" ಎಂದ ಆದಿರಾಜ. ಸ್ವಲ್ಪ ತಡೆದು, "ಮೂರು."

ದಿವಾಕರನ್ ತನಗೆ ಗೊತ್ತಿಲ್ಲದೆಯೇ ಕಿವಿಗೊಟ್ಟಿದ್ದ.

"ನಾಲ್ಕು" ಎಂದರು ಇಬ್ಬರೂ.